ಡೆರಿ ನಗರದ ಗುಂಡಿನ ಪ್ರಕರಣ: ಅಪರಾಧನಿರ್ಣಯವೂ ನ್ಯಾಯವಿಧಾನವೂ

ಸೈನ್ಯವು ಜನರ ಮೇಲೆ ಗುಂಡು ಹಾರಿಸಿ ಹಲವರು ಮೃತರಾದಾಗ ಅದರ ವಿಚಾರಣೆ ಎರಡು ಕಡೆ ನಡೆಯುತ್ತದೆ. ಒಂದು, ಸರ್ಕಾರವು ನೇಮಿಸಿದ ಮಂಡಲಿಯ ಮುಂದೆ. ಇನ್ನೊಂದು, ಜನರ ಮನಸ್ಸಿನಲ್ಲಿ. ಮೊದಲನೆಯದು ವರದಿಯೊಡನೆ ಮುಗಿಯುತ್ತದೆ. ಎರಡನೆಯದು ಅನೇಕ ವೇಳೆ ಆ ವರದಿಯನ್ನೇ ವಿಚಾರಣೆಗೆ ಗುರಿಮಾಡಿ ಮುಂದುವರಿಯುತ್ತದೆ. ೧೯೧೯ರ ಜಲಿಯನ್‌ವಾಲಾ ಬಾಗ್ ದುರಂತವನ್ನು ಕುರಿತ ಹಂಟರ್ ಸಮಿತಿಯ ವರದಿಯಲ್ಲಿ ಆಂಗ್ಲ ಸದಸ್ಯರ ಅಭಿಪ್ರಾಯವೊಂದು, ಭಾರತೀಯ ಸದಸ್ಯರ ಅಭಿಪ್ರಾಯ ಇನ್ನೊಂದು ಆದದ್ದು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿ. ಜನರಲ್ ಡೈಯರನು ಅಧಿಕಾರವನ್ನು ಕಳೆದುಕೊಂಡನೇ ಹೊರತು ಯಾವ ನ್ಯಾಯಾಲಯದಲ್ಲಿಯೂ ಆಪಾದಿತನಾಗಿ ನಿಲ್ಲಲಿಲ್ಲ.

ಅರ್ಧ ಶತಮಾನದ ಬಳಿಕ ಅದೇ ಬ್ರಿಟಿಷ್ ರಾಜ್ಯವ್ಯವಸ್ಥೆಯು ಉತ್ತರ ಐರ್ಲೆಂಡಿನಲ್ಲಿ ಇಂಥದೇ ಪ್ರಶ್ನೆಯನ್ನು ಎದುರಿಸಬೇಕಾಯಿತು. ೧೯೭೨ನೆಯ ಇಸವಿ ಜನವರಿ ೩೦ನೆಯ ತಾರೀಖು ಭಾನುವಾರ ಡೆರಿ (ಲಂಡನ್‌ಡೆರಿ) ನಗರದಲ್ಲಿ ನಡೆದ ಆ ಘಟನೆಗೆ 'ರಕ್ತಸಿಕ್ತ ಭಾನುವಾರ' ಎಂಬ ಹೆಸರು ನಿಂತಿದೆ. ಇದನ್ನು ಕುರಿತು ಎರಡು ವಿಚಾರಣಾ ಮಂಡಲಿಗಳು ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ನೀಡಿದವು. ಕಡೆಗೆ ೨೦೨೫ರಲ್ಲಿ ಒಂದು ಅಪರಾಧ ನ್ಯಾಯಾಲಯವು ಮೂರನೆಯದೊಂದು ತೀರ್ಪನ್ನು ಕೊಟ್ಟಿತು. ಈ ಮೂರರ ನಡುವಣ ಸಂಬಂಧವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ನಡೆದದ್ದೇನು, ಅದರ ಹೊಣೆ ಯಾರದು, ಆ ಹೊಣೆಯನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ಅಪರಾಧವೆಂದು ಹೊರಿಸಲು ಸಾಕಷ್ಟು ಸಾಕ್ಷ್ಯವಿದೆಯೆ ಎಂಬ ಮೂರು ಪ್ರಶ್ನೆಗಳು ಬೇರೆಬೇರೆ. ಅವನ್ನು ಒಂದಾಗಿ ಭಾವಿಸುವುದರಿಂದಲೇ ಈ ವಿಷಯದಲ್ಲಿ ಬಹಳಷ್ಟು ಗೊಂದಲ ಹುಟ್ಟಿದೆ.

೧. ಘಟನೆಯ ಹಿನ್ನೆಲೆ

ಐರ್ಲೆಂಡಿನ ವಿಭಜನೆಯಾದ ಮೇಲೆ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ಆಳ್ವಿಕೆಯಲ್ಲಿಯೇ ಉಳಿದವು. ಅಲ್ಲಿ ಆಗ ಪ್ರಾಟೆಸ್ಟಂಟರು ಬಹುಸಂಖ್ಯಾತರಾಗಿದ್ದರು, ಕ್ಯಾಥೊಲಿಕರು ಅಲ್ಪಸಂಖ್ಯಾತರಾಗಿದ್ದರು. ಡೆರಿ ನಗರದಲ್ಲಿ ಮಾತ್ರ ಕ್ಯಾಥೊಲಿಕರೇ ಹೆಚ್ಚು. ಆದರೂ ಮತಕ್ಷೇತ್ರಗಳನ್ನು ವಿಂಗಡಿಸಿದ್ದ ರೀತಿಯಿಂದಾಗಿ ನಗರಸಭೆ ಬಹುಕಾಲ ಇನ್ನೊಂದು ಪಕ್ಷದವರ ಕೈಯಲ್ಲಿತ್ತು. ಮನೆಗಳ ಹಂಚಿಕೆ, ಉದ್ಯೋಗ, ಮತದಾನದ ಹಕ್ಕು ಇವುಗಳಲ್ಲಿ ಸಮಾನತೆ ಬೇಕೆಂಬ ಪೌರಹಕ್ಕುಗಳ ಚಳವಳಿಯು ೧೯೬೦ರ ದಶಕದ ಕೊನೆಯಲ್ಲಿ ಬಲಗೊಂಡಿತು. ಗಲಭೆಗಳು ಹೆಚ್ಚಿದುದರಿಂದ ೧೯೬೯ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯವನ್ನು ಬೀದಿಗಿಳಿಸಲಾಯಿತು. ೧೯೭೧ರ ಆಗಸ್ಟ್ ೯ರಂದು, ಶಂಕಿತರನ್ನು ನ್ಯಾಯಾಲಯದ ಮುಂದೆ ತರದೆಯೇ ಬಂಧನದಲ್ಲಿಡುವ ಪದ್ಧತಿ ಜಾರಿಗೆ ಬಂದಿತು.

ಈ ಬಂಧನನೀತಿಯನ್ನು ಪ್ರತಿಭಟಿಸಲು ಪೌರಹಕ್ಕುಗಳ ಸಂಘವು ಜನವರಿ ೩೦ರಂದು ಮೆರವಣಿಗೆಯನ್ನು ಏರ್ಪಡಿಸಿತು. ಆಗ ಮೆರವಣಿಗೆಗಳಿಗೆ ನಿಷೇಧವಿತ್ತು. ನಗರದ ಸ್ಥಿತಿ ಶಾಂತವಾಗಿಯೂ ಇರಲಿಲ್ಲ. ಐ.ಆರ್.ಎ. ಎಂಬ ಸಶಸ್ತ್ರ ಸಂಘಟನೆಯ ಎರಡು ಬಣಗಳೂ ಅಲ್ಲಿ ಕಾರ್ಯನಿರತವಾಗಿದ್ದವು. ಮೂರು ದಿನಗಳ ಹಿಂದೆಯಷ್ಟೇ ಇಬ್ಬರು ಪೋಲೀಸರು ಅಲ್ಲಿ ಗುಂಡಿಗೆ ಬಲಿಯಾಗಿದ್ದರು. ಸೈನಿಕರ ಮನಸ್ಥಿತಿಯನ್ನು ತಿಳಿಯಲು ಈ ಸಂಗತಿ ಅವಶ್ಯ. ಆದರೆ ಮುಂದೆ ಸತ್ತವರ ಮೇಲೆ ತಪ್ಪು ಹೊರಿಸಲು ಇದು ಆಧಾರವಾಗಲಾರದು.

ಮೆರವಣಿಗೆಯು ಸೈನ್ಯದ ತಡೆಗಟ್ಟೆಗಳ ಬಳಿ ಬಂದಾಗ ಕೆಲವು ತರುಣರು ಕಲ್ಲು ತೂರಿದರು. ಸೈನ್ಯವು ರಬ್ಬರ್ ಗುಂಡುಗಳನ್ನೂ ನೀರಿನ ಫಿರಂಗಿಯನ್ನೂ ಬಳಸಿತು. ಸಂಜೆ ನಾಲ್ಕು ಗಂಟೆಯಾದ ಸ್ವಲ್ಪ ಹೊತ್ತಿಗೆ ಪ್ಯಾರಾಚೂಟ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಒಂದು ತುಕಡಿ ಗಲಭೆಕೋರರನ್ನು ಹಿಡಿಯುವ ಸಲುವಾಗಿ ವಾಹನಗಳಲ್ಲಿ ಬೊಗ್‌ಸೈಡ್ ಎಂಬ ಬಡಾವಣೆಯೊಳಕ್ಕೆ ನುಗ್ಗಿತು. ಮುಂದಿನ ಸುಮಾರು ಹತ್ತು ನಿಮಿಷಗಳಲ್ಲಿ ಸೈನಿಕರು ೧೦೦ಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದರು. ೧೩ ಜನ ಸತ್ತರು. ಅವರಲ್ಲಿ ೬ ಮಂದಿ ೧೭ ವರ್ಷ ವಯಸ್ಸಿನವರು. ಹೆಚ್ಚುಕಡಮೆ ಅಷ್ಟೇ ಜನ ಗಾಯಗೊಂಡರು. ಅವರಲ್ಲೊಬ್ಬರು ಕೆಲವು ತಿಂಗಳ ಮೇಲೆ ತೀರಿಕೊಂಡರು. ಎದುರಾಳಿಗಳ ಗುಂಡಿನಿಂದ ಗಾಯಗೊಂಡ ಸೈನಿಕನು ಒಬ್ಬನೂ ಇರಲಿಲ್ಲ. ಸಾಯುತ್ತಿದ್ದ ತರುಣನೊಬ್ಬನನ್ನು ಹೊತ್ತು ತರುವವರ ಮುಂದೆ ಎಡ್ವರ್ಡ್ ಡೇಲಿ ಎಂಬ ಪಾದ್ರಿ ರಕ್ತದ ಕಲೆಯುಳ್ಳ ಬಿಳಿಯ ಕರವಸ್ತ್ರವನ್ನು ಬೀಸುತ್ತ ಬಾಗಿ ನಡೆಯುವ ಚಿತ್ರವು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು.

ತಮ್ಮ ಮೇಲೆ ಗುಂಡು ಹಾರಿಸಿದವರ ಮೇಲೆ, ಬಾಂಬು ಎಸೆಯುತ್ತಿದ್ದವರ ಮೇಲೆ ಮಾತ್ರ ತಾವು ಗುಂಡು ಹಾರಿಸಿದೆವೆಂಬುದು ಸೈನಿಕರ ಹೇಳಿಕೆ. ಸತ್ತವರೆಲ್ಲರೂ ನಿರಾಯುಧರೆಂಬುದು ನೆರೆದಿದ್ದ ಜನರ ಹೇಳಿಕೆ. ಇವೆರಡರಲ್ಲಿ ಒಂದನ್ನು ಆರಿಸಬೇಕಾದ ಭಾರ ವಿಚಾರಣೆಯ ಮೇಲೆ ಬಿದ್ದಿತು.

೨. ವಿಜರಿ ಮಂಡಲಿ

ಪ್ರಧಾನಮಂತ್ರಿ ಎಡ್ವರ್ಡ್ ಹೀತ್ ಅವರ ಸರ್ಕಾರವು ೧೯೨೧ರ ವಿಚಾರಣಾ ಮಂಡಲಿಗಳ ಕಾಯಿದೆಯ ಮೇರೆಗೆ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶರಾದ ಲಾರ್ಡ್ ವಿಜರಿ ಅವರನ್ನು ಏಕಸದಸ್ಯ ಮಂಡಲಿಯಾಗಿ ನೇಮಿಸಿತು. ದೇಶದ ಅತ್ಯುನ್ನತ ನ್ಯಾಯಾಧಿಕಾರಿಗಳಲ್ಲೊಬ್ಬರೇ ವಿಚಾರಣೆಗೆ ಕುಳಿತಿರುವಾಗ ಅನುಮಾನಕ್ಕೆ ಆಸ್ಪದವೆಲ್ಲಿ ಎಂದು ಕೇಳಬಹುದು. ಆದರೆ ಜನರ ಅನುಮಾನವು ನ್ಯಾಯಾಧೀಶರ ಪದವಿಯನ್ನು ಕುರಿತದ್ದಾಗಿರಲಿಲ್ಲ. ಅವರು ಅನುಸರಿಸಿದ ವಿಧಾನವನ್ನು ಕುರಿತದ್ದಾಗಿತ್ತು. ಆ ವಿಧಾನದ ದೋಷಗಳನ್ನು ಒಂದೊಂದಾಗಿ ನೋಡಬಹುದು.

ಮೊದಲನೆಯದು ಅವಸರ. ಸಾಕ್ಷಿಗಳ ವಿಚಾರಣೆ ಫೆಬ್ರವರಿ ೨೧ರಂದು ಮೊದಲಾಗಿ ಮಾರ್ಚಿ ತಿಂಗಳ ಮಧ್ಯದಲ್ಲಿ ಮುಗಿಯಿತು. ಏಪ್ರಿಲಿನಲ್ಲಿ ವರದಿ ಪ್ರಕಟವಾಯಿತು. ಘಟನೆಯಿಂದ ವರದಿಯವರೆಗೆ ಮೂರು ತಿಂಗಳೂ ತುಂಬಿರಲಿಲ್ಲ. ಎರಡನೆಯದು ಸ್ಥಳ. ವಿಚಾರಣೆ ಡೆರಿಯಲ್ಲಿ ನಡೆಯದೆ ಸುಮಾರು ೩೦ ಮೈಲಿ ದೂರದ ಕೋಲ್‌ರೇನಿನಲ್ಲಿ ನಡೆಯಿತು. ಮೂರನೆಯದು ಸಾಕ್ಷಿಗಳ ಆಯ್ಕೆ. ಪೌರಹಕ್ಕುಗಳ ಸಂಘಗಳವರು ಪ್ರತ್ಯಕ್ಷದರ್ಶಿಗಳಿಂದ ಸಂಗ್ರಹಿಸಿದ್ದ ಸುಮಾರು ೭೦೦ ಹೇಳಿಕೆಗಳಲ್ಲಿ ಬಹುಪಾಲು ಉಪಯೋಗಕ್ಕೆ ಬರಲಿಲ್ಲ. ಗಾಯಗೊಂಡವರಲ್ಲಿಯೂ ಅನೇಕರ ಸಾಕ್ಷ್ಯವನ್ನು ಕೇಳಲಿಲ್ಲ.

ನಾಲ್ಕನೆಯ ದೋಷವು ಶಾಸ್ತ್ರೀಯ ಪರೀಕ್ಷೆಗೆ ಸಂಬಂಧಿಸಿದುದು. ಇದನ್ನು ವಿಶೇಷವಾಗಿ ಗಮನಿಸಬೇಕು. ಬಂದೂಕು ಹಾರಿಸಿದವನ ಕೈಮೇಲೆ ಸೀಸದ ಕಣಗಳು ಉಳಿಯುತ್ತವೆ. ಸತ್ತವರಲ್ಲಿ ಕೆಲವರ ಕೈಗಳ ಮೇಲೆ ಇಂಥ ಕಣಗಳು ಕಂಡುಬಂದುವೆಂಬ ಕಾರಣದಿಂದ ಅವರು ಬಂದೂಕು ಹಿಡಿದಿದ್ದಿರಬಹುದೆಂಬ ಬಲವಾದ ಶಂಕೆಯನ್ನು ವರದಿಯು ವ್ಯಕ್ತಪಡಿಸಿತು. ಆದರೆ ಅಂಥ ಕಣಗಳು ಹತ್ತಿರದಲ್ಲಿ ಹಾರಿದ ಗುಂಡಿನಿಂದಲೂ ಬೀಳಬಹುದು. ಬಂದೂಕು ಹಾರಿಸಿದ ಸೈನಿಕನು ಶವವನ್ನು ಮುಟ್ಟಿದರೂ ಅಂಟಬಹುದು. ಸೈನ್ಯದ ವಾಹನದಲ್ಲಿ ಶವವನ್ನು ಸಾಗಿಸಿದರೂ ಸೇರಬಹುದು. ಸತ್ತವರಲ್ಲಿ ಮೂವರ ದೇಹಗಳನ್ನು ಸೈನಿಕರೇ ಎತ್ತಿ ತಮ್ಮ ವಾಹನದಲ್ಲಿ ಹಾಕಿಕೊಂಡು ಹೋಗಿದ್ದರು. ಒಂದು ಕುರುಹಿಗೆ ಹಲವು ಕಾರಣಗಳು ಸಾಧ್ಯವಿರುವಾಗ, ಮೃತನಿಗೆ ಪ್ರತಿಕೂಲವಾದ ಕಾರಣವನ್ನೇ ಆರಿಸುವುದು ನ್ಯಾಯವಿಧಾನಕ್ಕೆ ಒಪ್ಪುವಂಥದಲ್ಲ.

ಐದನೆಯದಾಗಿ, ವರದಿಯ ತರ್ಕ. ಸತ್ತವರಲ್ಲಿ ಯಾರೊಬ್ಬರೂ ಗುಂಡೇಟು ತಗುಲಿದಾಗ ಬಂದೂಕನ್ನಾಗಲಿ ಬಾಂಬನ್ನಾಗಲಿ ಹಿಡಿದಿದ್ದರೆಂಬುದು ಸಿದ್ಧವಾಗಿಲ್ಲವೆಂದು ಲಾರ್ಡ್ ವಿಜರಿ ಅವರೇ ಬರೆದರು. ಕೆಲವು ಸೈನಿಕರ ವರ್ತನೆ ವಿವೇಚನಾರಹಿತ ದುಡುಕಿನ ಅಂಚನ್ನು ಮುಟ್ಟಿತ್ತೆಂದೂ ಒಪ್ಪಿದರು. 'ಎಚ್' ಎಂದು ಗುರುತಿಸಲಾದ ಸೈನಿಕನು ಹಾರಿಸಿದ ೨೨ ಗುಂಡುಗಳಲ್ಲಿ ೧೯ಕ್ಕೆ ಲೆಕ್ಕವೇ ದೊರೆಯುವುದಿಲ್ಲವೆಂಬುದನ್ನೂ ದಾಖಲಿಸಿದರು. ಆ ೧೯ನ್ನೂ ಒಂದೇ ಕಿಟಕಿಯ ಹಿಂದಿದ್ದ ಬಂದೂಕುಧಾರಿಯ ಮೇಲೆ ಹಾರಿಸಿದೆನೆಂಬುದು ಅವನ ವಿವರಣೆಯಾಗಿತ್ತು. ಇಷ್ಟಾದರೂ ಮೊದಲು ಗುಂಡು ಹಾರಿದ್ದು ಸೈನಿಕರ ಮೇಲೆಯೇ ಎಂಬುದು ವರದಿಯ ನಿರ್ಣಯ. ನಿಷಿದ್ಧವಾದ ಮೆರವಣಿಗೆ ನಡೆಯದಿದ್ದರೆ ಮರಣಗಳೇ ಆಗುತ್ತಿರಲಿಲ್ಲವೆಂಬುದು ಅದರ ಪೀಠಿಕೆ. ಹೀಗೆ ಸೈನಿಕರಿಗೆ ಸಂಶಯದ ಪ್ರಯೋಜನ ದೊರೆಯಿತು. ಉತ್ತರ ಕೊಡಲಾರದ ಮೃತರಿಗೆ ಸಂಶಯ ಮಾತ್ರ ಉಳಿಯಿತು.

ಇದರ ಪರಿಣಾಮವು ಕೆಲವು ಮನೆತನಗಳ ದುಃಖಕ್ಕೆ ಸೀಮಿತವಾಗಲಿಲ್ಲ. ಘಟನೆಯ ಮೂರನೆಯ ದಿನವೇ ಡಬ್ಲಿನ್ನಿನ ಬ್ರಿಟಿಷ್ ರಾಯಭಾರ ಕಚೇರಿಯನ್ನು ಜನರು ಸುಟ್ಟಿದ್ದರು. ನ್ಯಾಯಾಲಯಗಳಿಂದ ಏನೂ ದೊರೆಯದೆಂಬ ಭಾವನೆ ಬಲಿತು ಅನೇಕ ತರುಣರು ಸಶಸ್ತ್ರ ಸಂಘಟನೆಗಳನ್ನು ಸೇರಿದರು. ಆ ಒಂದು ವರ್ಷದಲ್ಲಿಯೇ ಉತ್ತರ ಐರ್ಲೆಂಡಿನ ಹಿಂಸಾಚಾರದಲ್ಲಿ ೪೫೦ಕ್ಕೂ ಹೆಚ್ಚು ಜನ ಸತ್ತರು. ಸೈನಿಕರೂ ಅವರಲ್ಲಿ ಸೇರಿದ್ದರು.

೩. ಅನುಮಾನದ ಇಪ್ಪತ್ತಾರು ವರ್ಷಗಳು

ಮುಂದೆ ಸರ್ಕಾರದ ಕೃತಿಗಳೇ ವಿಜರಿ ವರದಿಯನ್ನು ಸ್ವಲ್ಪಸ್ವಲ್ಪವಾಗಿ ಸಡಿಲಗೊಳಿಸಿದವು. ೧೯೭೩ರ ಮರಣವಿಚಾರಣೆಯಲ್ಲಿ ಜೂರಿಯವರು ಯಾವ ತೀರ್ಮಾನಕ್ಕೂ ಕಟ್ಟುಬೀಳದ ತೀರ್ಪನ್ನು ಕೊಟ್ಟರು. ಆದರೆ ಅದರ ಅಧ್ಯಕ್ಷತೆ ವಹಿಸಿದ್ದ ಕಾರೋನರ್ ಹ್ಯೂಬರ್ಟ್ ಓನೀಲ್ ಅವರು, ತಾವು ಹಿಂದೆ ಸೈನ್ಯದಲ್ಲಿದ್ದವರಾಗಿಯೂ, ಇದು ಶುದ್ಧ ಕೊಲೆಯೆಂದು ಬಹಿರಂಗವಾಗಿ ನುಡಿದರು. ೧೯೭೪ರಲ್ಲಿ ರಕ್ಷಣಾ ಇಲಾಖೆಯು ಹೊಣೆಯನ್ನು ಒಪ್ಪದೆಯೇ ಮೃತರ ಮನೆಯವರಿಗೆ ಹಣ ಕೊಟ್ಟಿತು. ಸತ್ತವರು ಬಂದೂಕನ್ನೋ ಸ್ಫೋಟಕವನ್ನೋ ಹಿಡಿದಿದ್ದರೆಂಬ ಆಪಾದನೆಯ ಮಟ್ಟಿಗೆ ಅವರನ್ನು ನಿರಪರಾಧಿಗಳೆಂದೇ ಭಾವಿಸಬೇಕೆಂದು ೧೯೯೨ರಲ್ಲಿ ಪ್ರಧಾನಿ ಜಾನ್ ಮೇಜರ್ ಅವರು ಪಾರ್ಲಿಮೆಂಟ್ ಸದಸ್ಯ ಜಾನ್ ಹ್ಯೂಮ್ ಅವರಿಗೆ ಪತ್ರ ಬರೆದರು. ಆದರೂ ವರದಿ ರದ್ದಾಗಲಿಲ್ಲ.

೧೯೯೦ರ ದಶಕದಲ್ಲಿ ಸರ್ಕಾರದ ದಫ್ತರುಗಳಿಂದ ಮಹತ್ವದ ಟಿಪ್ಪಣಿಯೊಂದು ಹೊರಬಿದ್ದಿತು. ವಿಚಾರಣೆಗೆ ಮುನ್ನ, ೧೯೭೨ರ ಜನವರಿ ೩೧ರ ಸಂಜೆ, ಹೀತ್ ಅವರು ವಿಜರಿ ಅವರನ್ನು ಭೇಟಿಮಾಡಿದ್ದರು. ಉತ್ತರ ಐರ್ಲೆಂಡಿನಲ್ಲಿ ನಡೆಯುತ್ತಿರುವುದು ಸೈನಿಕ ಸಮರ ಮಾತ್ರವಲ್ಲ, ಪ್ರಚಾರದ ಸಮರವೂ ಹೌದೆಂಬುದನ್ನು ನೆನಪಿನಲ್ಲಿಡಬೇಕೆಂಬ ಅರ್ಥದ ಮಾತನ್ನು ಆಗ ಆಡಿದ್ದರು. ಈ ಮಾತಿನಿಂದ ನ್ಯಾಯಾಧೀಶರ ಮನಸ್ಸು ಬದಲಾಯಿತೆಂದು ಯಾರೂ ಸಿದ್ಧಪಡಿಸಲಾರರು. ಆದರೆ ನ್ಯಾಯವು ನಡೆದರೆ ಸಾಲದು, ನಡೆದಂತೆ ತೋರಲೂಬೇಕು ಎಂಬ ಆಂಗ್ಲ ನ್ಯಾಯಪದ್ಧತಿಯದೇ ಸೂತ್ರದ ಪ್ರಕಾರ ನೋಡಿದರೆ, ವಿಚಾರಣೆಗೆ ಮುನ್ನ ಇಂಥ ಸಂಭಾಷಣೆ ನಡೆದದ್ದೇ ದೋಷವಾಗುತ್ತದೆ. ಜನರ ಅನುಮಾನಕ್ಕೆ ಈಗ ದಾಖಲೆಯ ಆಧಾರ ದೊರೆಯಿತು. ೧೯೯೮ರ ಜನವರಿ ೨೯ರಂದು ಪ್ರಧಾನಿ ಟೋನಿ ಬ್ಲೇರ್ ಅವರು ಹೊಸ ವಿಚಾರಣೆಯನ್ನು ಘೋಷಿಸಿದರು.

೪. ಸ್ಯಾವಿಲ್ ಮಂಡಲಿ

ಲಾರ್ಡ್ ಸ್ಯಾವಿಲ್ ಅವರ ಅಧ್ಯಕ್ಷತೆಯ ಈ ಮಂಡಲಿಯಲ್ಲಿ ಇನ್ನಿಬ್ಬರು ಸದಸ್ಯರು ಕಾಮನ್‌ವೆಲ್ತ್ ದೇಶಗಳಿಂದ ಬಂದವರು. ಕಡೆಯವರೆಗೆ ಕುಳಿತವರು ಕೆನಡದ ವಿಲಿಯಂ ಹಾಯ್ಟ್ ಮತ್ತು ಆಸ್ಟ್ರೇಲಿಯದ ಜಾನ್ ಟೂಹಿ. ಬಹಿರಂಗ ವಿಚಾರಣೆ ೨೦೦೦ನೆಯ ಇಸವಿಯಲ್ಲಿ ಡೆರಿಯ ಗಿಲ್ಡ್‌ಹಾಲಿನಲ್ಲಿ ಆರಂಭವಾಯಿತು. ಸುಮಾರು ೨,೫೦೦ ಜನರ ಹೇಳಿಕೆಗಳನ್ನು ಮಂಡಲಿಯು ಪಡೆಯಿತು. ೯೦೦ಕ್ಕೂ ಹೆಚ್ಚು ಜನರನ್ನು ಮುಖತಃ ವಿಚಾರಿಸಿತು. ೨೦೧೦ರ ಜೂನ್ ೧೫ರಂದು ಹತ್ತು ಸಂಪುಟಗಳ ವರದಿ ಪ್ರಕಟವಾಯಿತು. ಖರ್ಚು ೧೯ ಕೋಟಿ ಪೌಂಡುಗಳನ್ನು ಮೀರಿತ್ತು. ಇಷ್ಟು ಕಾಲ, ಇಷ್ಟು ಹಣ ಬೇಕಿತ್ತೆ ಎಂಬ ಟೀಕೆ ಬ್ರಿಟನ್ನಿನಲ್ಲಿ ಪ್ರಬಲವಾಗಿಯೇ ಕೇಳಿಬಂದಿತು. ಮೂವತ್ತು ವರ್ಷ ಕಳೆದು ಸಾಕ್ಷ್ಯವನ್ನು ಮತ್ತೆ ಕೂಡಿಸಬೇಕಾದಾಗ ಬೆಲೆ ಹೆಚ್ಚಾಗುವುದು ಸಹಜ. ಮೊದಲ ವಿಚಾರಣೆಯ ಅವಸರದಲ್ಲಿ ಉಳಿಸಿದ ಕಾಲವನ್ನು ಎರಡನೆಯದರಲ್ಲಿ ಬಡ್ಡಿಸಹಿತ ತೆರಬೇಕಾಯಿತೆನ್ನಬಹುದು.

ನಿರ್ಣಯಗಳು ಸ್ಪಷ್ಟವಾಗಿದ್ದವು. ಸೈನಿಕರು ಮುನ್ನೆಚ್ಚರಿಕೆ ಕೊಡದೆ ಗುಂಡು ಹಾರಿಸಿದರು. ಗುಂಡಿಗೆ ಗುರಿಯಾದವರಲ್ಲಿ ಯಾರಿಂದಲೂ ಸೈನಿಕರಿಗೆ ಪ್ರಾಣಾಪಾಯದ ಬೆದರಿಕೆ ಇರಲಿಲ್ಲ. ಅನೇಕ ಸೈನಿಕರು ತಿಳಿದೂ ತಿಳಿದೂ ಸುಳ್ಳು ವಿವರಣೆಗಳನ್ನು ಕೊಟ್ಟಿದ್ದರು. ಬೆಟಾಲಿಯನ್ನಿನ ನಾಯಕನಾದ ಕರ್ನಲ್ ವಿಲ್‌ಫರ್ಡ್ ತನ್ನ ಮೇಲಧಿಕಾರಿಯ ಆಜ್ಞೆಯನ್ನು ಮೀರಿ ಸೈನಿಕರನ್ನು ಬೊಗ್‌ಸೈಡಿನೊಳಗೆ ಕಳುಹಿಸಿದ್ದನು. ಅದೇ ದಿನ ಪ್ರಧಾನಿ ಡೇವಿಡ್ ಕ್ಯಾಮರನ್ ಅವರು ಪಾರ್ಲಿಮೆಂಟಿನಲ್ಲಿ ಈ ಕೃತ್ಯವು ಅಸಮರ್ಥನೀಯವೆಂದು ಒಪ್ಪಿ, ಸರ್ಕಾರದ ಪರವಾಗಿ ಕ್ಷಮೆ ಕೋರಿದರು.

ಈ ವರದಿಯು ಜನರ ಪಕ್ಷದ ಎಲ್ಲ ಮಾತುಗಳನ್ನೂ ಒಪ್ಪಲಿಲ್ಲವೆಂಬುದನ್ನು ಮರೆಯಬಾರದು. ಸರ್ಕಾರವೇ ಕೊಲ್ಲುವ ಸಂಚು ಹೂಡಿತ್ತೆಂಬುದಕ್ಕೆ ಆಧಾರವಿಲ್ಲವೆಂದು ಅದು ಹೇಳಿತು. ಐ.ಆರ್.ಎ.ಯವರಿಂದಲೂ ಆ ದಿನ ಕೆಲವು ಗುಂಡುಗಳು ಹಾರಿದ್ದವೆಂದೂ, ಆದರೆ ಅವು ಸೈನಿಕರ ಕೃತ್ಯಕ್ಕೆ ಸಮರ್ಥನೆಯಾಗಲಾರವೆಂದೂ ನಿರ್ಣಯಿಸಿತು. ಅತ್ಯಂತ ವಿವಾದಾಸ್ಪದವಾಗಿದ್ದದ್ದು ೧೭ ವರ್ಷದ ಒಬ್ಬ ತರುಣನ ಸಂಗತಿ. ಅವನ ಜೇಬುಗಳಲ್ಲಿ ನಾಲ್ಕು ಮೊಳೆಬಾಂಬುಗಳು ಸಿಕ್ಕಿದುವೆಂದು ೧೯೭೨ರಲ್ಲಿ ಹೇಳಲಾಗಿತ್ತು. ಗಾಯಗೊಂಡಿದ್ದ ಅವನನ್ನು ಮೊದಲು ಪರೀಕ್ಷಿಸಿದವರು ಅವನ್ನು ಕಂಡಿರಲಿಲ್ಲವಾದ್ದರಿಂದ ಆಮೇಲೆ ಯಾರೋ ಇಟ್ಟರೆಂಬುದು ಜನರ ನಂಬಿಕೆ. ಸ್ಯಾವಿಲ್ ಮಂಡಲಿಯು ಅವು ಬಹುಶಃ ಅವನ ಬಳಿಯೇ ಇದ್ದುವೆಂದು ತೀರ್ಮಾನಿಸಿತು. ಜೊತೆಗೆ, ಅವನು ಅವನ್ನು ಎಸೆಯಲು ಹೋಗಿರಲಿಲ್ಲವೆಂದೂ, ತಪ್ಪಿಸಿಕೊಂಡು ಓಡುತ್ತಿದ್ದಾಗ ಗುಂಡೇಟಿಗೆ ಸಿಕ್ಕಿದನೆಂದೂ ಹೇಳಿತು. ಅವನ ಬಂಧುಗಳು ಮೊದಲ ಭಾಗವನ್ನು ಒಪ್ಪಲಿಲ್ಲ. ಎರಡು ಪಕ್ಷಗಳಿಗೂ ಅಪ್ರಿಯವಾದ ಮಾತುಗಳನ್ನು ಕಾರಣಸಹಿತವಾಗಿ ಹೇಳಿದ್ದರಿಂದಲೇ ಈ ವರದಿಗೆ ಹೆಚ್ಚಿನ ಪ್ರಾಮಾಣ್ಯ ದೊರೆಯಿತೆಂದು ತೋರುತ್ತದೆ.

೫. ಅಪರಾಧ ನ್ಯಾಯಾಲಯದ ತೀರ್ಪು

ಇಷ್ಟೆಲ್ಲ ಸಿದ್ಧವಾದ ಮೇಲೆ ಶಿಕ್ಷೆಯೊಂದೇ ಉಳಿದದ್ದೆಂದು ಸಾಮಾನ್ಯರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ವಿಚಾರಣಾ ಮಂಡಲಿ ಬೇರೆ, ಅಪರಾಧ ನ್ಯಾಯಾಲಯ ಬೇರೆ. ಮಂಡಲಿಯು ಸತ್ಯವನ್ನು ಶೋಧಿಸಬೇಕು. ಅದಕ್ಕಾಗಿ ಎಲ್ಲರೂ ಬಾಯಿಬಿಡಬೇಕು. ಆದ್ದರಿಂದಲೇ ಸಾಕ್ಷಿಯು ಮಂಡಲಿಯ ಮುಂದೆ ಹೇಳಿದ್ದನ್ನು ಮುಂದೆ ಅಪರಾಧದ ಮೊಕದ್ದಮೆಯಲ್ಲಿ ಅವನದೇ ವಿರುದ್ಧ ಬಳಸುವುದಿಲ್ಲವೆಂದು ಅಟಾರ್ನಿ ಜನರಲ್ ಅವರು ವಾಗ್ದಾನ ಕೊಟ್ಟಿದ್ದರು. ಸತ್ಯವನ್ನು ಹೊರತರಲು ತೆತ್ತ ಬೆಲೆ ಇದು.

೨೦೧೯ರ ಮಾರ್ಚಿಯಲ್ಲಿ 'ಎಫ್' ಎಂಬ ಸಂಕೇತದ ಒಬ್ಬ ಮಾಜಿ ಸೈನಿಕನ ಮೇಲೆ ಮಾತ್ರ ಎರಡು ಕೊಲೆಗಳ ಹಾಗೂ ಕೊಲೆಯ ಪ್ರಯತ್ನಗಳ ಆಪಾದನೆ ಹೊರಿಸಲಾಯಿತು. ೨೦೨೧ರಲ್ಲಿ ಪ್ರಾಸಿಕ್ಯೂಷನ್ ಇಲಾಖೆಯು ಮೊಕದ್ದಮೆಯನ್ನು ಕೈಬಿಡಲು ನಿರ್ಧರಿಸಿತು. ಮೃತನೊಬ್ಬನ ಮನೆಯವರು ಇದನ್ನು ಪ್ರಶ್ನಿಸಲಾಗಿ ೨೦೨೨ರಲ್ಲಿ ಉಚ್ಚ ನ್ಯಾಯಾಲಯವು ಆ ನಿರ್ಧಾರವನ್ನು ರದ್ದುಪಡಿಸಿತು. ಕಡೆಗೆ ೨೦೨೫ರ ಸೆಪ್ಟೆಂಬರಿನಲ್ಲಿ ಬೆಲ್‌ಫಾಸ್ಟ್ ಕ್ರೌನ್ ನ್ಯಾಯಾಲಯದಲ್ಲಿ ನ್ಯಾಯಾಧೀಶ ಪ್ಯಾಟ್ರಿಕ್ ಲಿಂಚ್ ಅವರ ಮುಂದೆ, ಜೂರಿಯಿಲ್ಲದೆ, ವಿಚಾರಣೆ ಆರಂಭವಾಯಿತು.

ತೊಡಕು ಎಲ್ಲಿತ್ತೆಂಬುದನ್ನು ತಿಳಿಯಲು ಮತ್ತೆ ೧೯೭೨ಕ್ಕೆ ಹೋಗಬೇಕು. ಆಗಿನ ಏರ್ಪಾಡಿನಂತೆ, ಗುಂಡು ಹಾರಿಸಿದ ಸೈನಿಕರನ್ನು ನಾಗರಿಕ ಪೋಲೀಸರು ಪ್ರಶ್ನಿಸುತ್ತಿರಲಿಲ್ಲ. ಸೈನ್ಯದ ಪೋಲೀಸರೇ ಅವರಿಂದ ಹೇಳಿಕೆ ಪಡೆಯುತ್ತಿದ್ದರು. ಮೌನವಾಗಿರಲು ಹಕ್ಕುಂಟೆಂಬ ಎಚ್ಚರಿಕೆಯನ್ನು ಕೊಡುತ್ತಿರಲಿಲ್ಲ. ವಕೀಲರ ನೆರವೂ ಇರುತ್ತಿರಲಿಲ್ಲ. ಈ ಏರ್ಪಾಡು ಆ ಕಾಲಕ್ಕೆ ಸೈನಿಕರಿಗೆ ರಕ್ಷೆಯಾಗಿತ್ತು. ಅದೇ ಕಾರಣದಿಂದ ಅಂಥ ಹೇಳಿಕೆಯು ಅದನ್ನು ಕೊಟ್ಟವನ ವಿರುದ್ಧ ಸಾಕ್ಷ್ಯವಾಗಿ ನಿಲ್ಲಲಾರದು. ಆದುದರಿಂದ ಪ್ರಾಸಿಕ್ಯೂಷನ್ ಪಕ್ಷವು 'ಎಫ್' ಜೊತೆಗಿದ್ದ 'ಜಿ' ಮತ್ತು 'ಎಚ್' ಎಂಬ ಇಬ್ಬರ ಹಳೆಯ ಹೇಳಿಕೆಗಳನ್ನೇ ಮುಖ್ಯವಾಗಿ ಅವಲಂಬಿಸಬೇಕಾಯಿತು. 'ಜಿ' ಸತ್ತುಹೋಗಿದ್ದನು. 'ಎಚ್' ತನ್ನನ್ನೇ ಅಪರಾಧಕ್ಕೆ ಸಿಲುಕಿಸಿಕೊಳ್ಳುವ ಸಾಕ್ಷ್ಯ ಹೇಳದಿರುವ ಹಕ್ಕನ್ನು ಬಳಸಿದನು. ಇಬ್ಬರನ್ನೂ ಪಾಟೀಸವಾಲಿಗೆ ಒಳಪಡಿಸುವಂತಿರಲಿಲ್ಲ. ಅಲ್ಲದೆ, ಅವರೂ ಅದೇ ಕೃತ್ಯದಲ್ಲಿ ಭಾಗಿಗಳಾಗಿ, ಸುಳ್ಳು ಹೇಳಲು ಕಾರಣವುಳ್ಳವರು. ಸೈನಿಕರ ಬಂದೂಕುಗಳಲ್ಲಿ ಹೆಚ್ಚಿನವು ನಾಶವಾಗಿಯೋ ಮಾರಾಟವಾಗಿಯೋ ಹೋಗಿದ್ದವು.

ಅಕ್ಟೋಬರ್ ೨೩ರಂದು ನ್ಯಾಯಾಧೀಶರು ಆಪಾದಿತನನ್ನು ಎಲ್ಲ ಏಳು ಆಪಾದನೆಗಳಿಂದಲೂ ಬಿಡುಗಡೆ ಮಾಡಿದರು. ಅದೇ ತೀರ್ಪಿನಲ್ಲಿ, ಸೈನಿಕರು ಸಮರಶಿಸ್ತನ್ನೆಲ್ಲ ಕಳೆದುಕೊಂಡು, ಓಡುತ್ತಿದ್ದ ನಿರಾಯುಧ ನಾಗರಿಕರ ಬೆನ್ನಿಗೆ ಗುಂಡು ಹಾರಿಸಿದರೆಂದೂ, ಅದಕ್ಕೆ ಹೊಣೆಯಾದವರು ತಲೆತಗ್ಗಿಸಬೇಕೆಂದೂ ಹೇಳಿದರು. ಆದರೆ ಒಂದು ಗುಂಪಿಗೆ ಸೇರಿದವನೆಂಬ ಕಾರಣಕ್ಕಾಗಿ ಯಾರನ್ನೂ ಶಿಕ್ಷಿಸಲಾಗದು. ಈ ಒಬ್ಬ ವ್ಯಕ್ತಿಯ ಅಪರಾಧವನ್ನು ಸಿದ್ಧಪಡಿಸಲು ಬೇಕಾದ ಮಟ್ಟವನ್ನು ಮುಂದಿಟ್ಟ ಸಾಕ್ಷ್ಯವು ಮುಟ್ಟುವುದಿಲ್ಲವೆಂಬುದು ಅವರ ನಿರ್ಣಯ.

೬. ಸಮಾಲೋಚನೆ

ಈ ತೀರ್ಪು ಸ್ಯಾವಿಲ್ ವರದಿಯನ್ನು ತಳ್ಳಿಹಾಕಿತೆಂದು ಕೆಲವರೂ, ನ್ಯಾಯಾಲಯವು ಸತ್ಯಕ್ಕೆ ಕಣ್ಣುಮುಚ್ಚಿತೆಂದು ಕೆಲವರೂ ಭಾವಿಸಬಹುದು. ಎರಡೂ ಸರಿಯಲ್ಲ. ೧೩ ಜನ ನಿರಪರಾಧಿಗಳು ಅನ್ಯಾಯವಾಗಿ ಸತ್ತರೆಂಬುದು ಸ್ಥಾಪಿತವಾದ ಐತಿಹಾಸಿಕ ಸಂಗತಿ. ಯಾವ ನಿರ್ದಿಷ್ಟ ವ್ಯಕ್ತಿಯೂ ಶಿಕ್ಷೆಗೆ ಅರ್ಹನೆಂದು ಸಿದ್ಧವಾಗಲಿಲ್ಲವೆಂಬುದೂ ಅಷ್ಟೇ ಸ್ಥಾಪಿತವಾದ ಸಂಗತಿ. ಐದು ದಶಕಗಳ ಹಿಂದೆ ಮೃತರಿಗೆ ನಿರಾಕರಿಸಲಾದ ಸಂಶಯದ ಪ್ರಯೋಜನವನ್ನು ಇಂದು ಆಪಾದಿತನಿಗೂ ನಿರಾಕರಿಸಿದ್ದರೆ ಹಳೆಯ ತಪ್ಪು ತಿದ್ದಿದಂತಾಗುತ್ತಿರಲಿಲ್ಲ. ಇನ್ನೊಂದು ತಪ್ಪು ಕೂಡುತ್ತಿತ್ತು. ಆದರೆ ಇದರಿಂದ ಮೃತರ ಮನೆಯವರಿಗೆ ಆದ ನಷ್ಟ ಕಡಮೆಯಾಗುವುದಿಲ್ಲ. ಅವರಿಗೆ ಅನ್ಯಾಯವಾದದ್ದು ೨೦೨೫ರ ನ್ಯಾಯಾಲಯದಲ್ಲಿ ಎನ್ನುವುದಕ್ಕಿಂತ ೧೯೭೨ರ ಮೊದಲ ಕೆಲವು ವಾರಗಳಲ್ಲಿ ಎನ್ನುವುದೇ ಯುಕ್ತ. ಸಾಕ್ಷ್ಯವು ಹಸಿಯಾಗಿದ್ದಾಗ, ಆಯುಧಗಳು ಕೈಗೆ ಸಿಗುವಂತಿದ್ದಾಗ, ಸೈನಿಕರನ್ನು ಕಾನೂನುಬದ್ಧವಾಗಿ ಪ್ರಶ್ನಿಸುವುದು ಸಾಧ್ಯವಿದ್ದಾಗ ಆ ಕೆಲಸ ನಡೆಯಲಿಲ್ಲ. ನ್ಯಾಯವಿಧಾನದ ಲೋಪವು ಮೊದಲು ಸುಳ್ಳು ನಿರ್ಣಯಕ್ಕೆ ಕಾರಣವಾಯಿತು. ಅನಂತರ ಸತ್ಯವು ತಿಳಿದ ಮೇಲೂ ಅದನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸಲಾರದಂತೆ ಮಾಡಿತು.

ಜನರ ಅನುಮಾನಗಳನ್ನು ಕುರಿತೂ ಒಂದು ಮಾತು. ಅನುಮಾನವೆಲ್ಲವೂ ಸತ್ಯವಲ್ಲ, ಡೆರಿಯ ಜನರ ನಂಬಿಕೆಗಳಲ್ಲಿಯೂ ಕೆಲವು ಪರೀಕ್ಷೆಗೆ ನಿಲ್ಲಲಿಲ್ಲ. ಆದರೆ ಅವರು ವರದಿಯನ್ನು ಸುಮ್ಮನೆ ನಿರಾಕರಿಸಲಿಲ್ಲ. ಯಾವ ಸಾಕ್ಷಿಯನ್ನು ಕೇಳಲಿಲ್ಲ, ಯಾವ ದಾಖಲೆ ಹೊರಬರಲಿಲ್ಲ, ಯಾವ ಪರೀಕ್ಷೆಗೆ ಬೇರೆ ಅರ್ಥ ಸಾಧ್ಯ ಎಂಬುದನ್ನು ಎತ್ತಿ ತೋರಿಸಿದರು. ಪರೀಕ್ಷೆಗೆ ಒಳಪಡಲು ಒಪ್ಪುವ ಇಂಥ ಅನುಮಾನವು ನ್ಯಾಯಕ್ಕೆ ಸಹಾಯಕ. ಇತಿಹಾಸದ ವಿದ್ಯಾರ್ಥಿಯು ಹಂಟರ್ ವರದಿಯನ್ನಾಗಲಿ ವಿಜರಿ ವರದಿಯನ್ನಾಗಲಿ ಕೈಗೆತ್ತಿಕೊಂಡಾಗ ಅದರ ನಿರ್ಣಯವನ್ನು ಮಾತ್ರ ಟಿಪ್ಪಣಿ ಮಾಡಿಕೊಂಡರೆ ಸಾಲದು. ಮಂಡಲಿಯನ್ನು ನೇಮಿಸಿದವರು ಯಾರು, ಅದು ಎಲ್ಲಿ ಕುಳಿತಿತು, ಯಾರನ್ನು ಕೇಳಿತು, ಯಾರನ್ನು ಕೇಳದೆ ಬಿಟ್ಟಿತು, ಸಂಶಯದ ಪ್ರಯೋಜನವನ್ನು ಯಾರಿಗೆ ಕೊಟ್ಟಿತು ಎಂಬ ಪ್ರಶ್ನೆಗಳನ್ನು ಮೊದಲು ಕೇಳಿ, ಆಮೇಲೆ ನಿರ್ಣಯದ ಪುಟಕ್ಕೆ ಹೋಗಬೇಕು.